ನೋಡದ ಕಟ್ಟಡಕ್ಕೊಂದು ಸಹಿ

ಅವನ ನಿಜವಾದ ಹೆಸರು ಗೊತ್ತಿದ್ದುದು ಲೈಸೆನ್ಸ್ ಕೊಡುವ ಕಚೇರಿಗೆ ಮಾತ್ರ. ಉಳಿದವರಿಗೆಲ್ಲ ಅವನು ಕರೆಂಟಣ್ಣ. ಹೆಂಡತಿಯ ತಂಗಿಯ ಮಕ್ಕಳು ಕೂಡ ಕರೆಂಟ್ ದೊಡ್ಡಪ್ಪ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಅವನು ಈ ಊರಿನ ಗೋಡೆಗಳ ಒಳಗೆ ವೈರ್ ಎಳೆದಿದ್ದ. ಯಾವ ಬೀದಿಯಲ್ಲಿ ನಡೆದರೂ ಬಾಗಿಲು ಮುಚ್ಚಿದ ಮನೆಗಳ ಒಳಗು ಅವನಿಗೆ ಕಾಣುತ್ತಿತ್ತು: ಇಲ್ಲಿ ಮೆಟ್ಟಿಲ ಕೆಳಗೆ ಮೇನ್ ಸ್ವಿಚ್, ಅಲ್ಲಿ ಬಚ್ಚಲಿನ ಹೊರಗೆ ಸ್ವಿಚ್, ಆಚೆ ಮನೆಯಲ್ಲಿ ಅತ್ತೆ ಸೊಸೆಗೆ ಆಗಿಬರದ್ದರಿಂದ ಒಂದೇ ಅಡುಗೆಮನೆಗೆ ಎರಡು ಮಿಕ್ಸಿ ಪಾಯಿಂಟ್.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಬ್ರಶ್ ಕೈಯಿಂದ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವನಿಗೆ ಎಚ್ಚರವಾದದ್ದು ಆಸ್ಪತ್ರೆಯಲ್ಲಿ. ಮೂರು ತಿಂಗಳಲ್ಲಿ ಮಾತು ವಾಪಸ್ ಬಂತು. ಆರು ತಿಂಗಳಲ್ಲಿ ಕಾಲು ಅರ್ಧಂಬರ್ಧ ಬಂತು. ಬಲಗೈ ಮಾತ್ರ ಬರಲಿಲ್ಲ. ಅದು ಬೇರೆ ಯಾರದೋ ವಸ್ತುವೇನೋ ಎನ್ನುವ ಹಾಗೆ ಅವನ ಪಕ್ಕದಲ್ಲಿ ತೂಗಾಡುತ್ತಿತ್ತು.

ಕೆಲಸ ನಿಲ್ಲಲಿಲ್ಲ, ಏಕೆಂದರೆ ಮಗಳಿದ್ದಳು. ಬಟ್ಟೆ ಅಂಗಡಿಯೊಂದರಲ್ಲಿ ಎರಡು ವರ್ಷ ಬಿಲ್ ಬರೆದು ಬೇಸತ್ತು, ಅಪ್ಪನ ಜೊತೆ ಏಣಿ ಹತ್ತಿದವಳು ಅವಳು. ಈಗ ಅವಳಿಗೆ ಮೂವತ್ತು. ಕೈಯಲ್ಲಿ ವೈರ್‌ಮ್ಯಾನ್ ಪರ್ಮಿಟ್ ಇತ್ತು. ಅದು ಬಂದ ದಿನ ಅದನ್ನು ಹಿಡಿದುಕೊಂಡು, "ಅಮ್ಮಾ, ನಾನು ಮ್ಯಾನ್ ಅಂತ ಸರ್ಕಾರನೇ ಬರ್ಕೊಟ್ಟಿದೆ ನೋಡು, ಇನ್ಮೇಲೆ ಮನೆ ಗುಡ್ಸು ಅಂತ ಹೇಳ್ಬೇಡ" ಎಂದು ನಗಿಸಿದ್ದಳು. ಆದರೆ ಆ ಪರ್ಮಿಟ್ ಇದ್ದವರು ಕೈಕೆಲಸ ಮಾಡಬಹುದಿತ್ತೇ ಹೊರತು, ಕೆಲಸ ಮುಗಿಯಿತೆಂದು ವರದಿಗೆ ಸಹಿ ಹಾಕುವಂತಿರಲಿಲ್ಲ. ಆ ಸಹಿ ಇಲ್ಲದೆ ಯಾವ ಮನೆಗೂ ಮೀಟರ್ ಬರುತ್ತಿರಲಿಲ್ಲ. ಸಹಿ ಹಾಕಬೇಕಾದವನು ಲೈಸೆನ್ಸ್ ಇದ್ದವನು, ಅದೂ ಕೆಲಸವನ್ನು ಖುದ್ದಾಗಿ ನೋಡಿದವನು.

ಹಾಗಾಗಿ ಕರೆಂಟಣ್ಣ ಎಡಗೈಯಲ್ಲಿ ಸಹಿ ಕಲಿತ. ಹಳೇ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ತಿಂಗಳುಗಟ್ಟಲೆ ಗೀಚಿದ. "ಒಂದನೇ ಕ್ಲಾಸಿಗೆ ಸೇರ್ಸಿದ ಹಾಗಿದೆ ನಿಮ್ಮನ್ನ" ಎಂದು ಹೆಂಡತಿ ಹೊಲಿಗೆ ಮಿಶನ್ನಿನಿಂದ ತಲೆಯೆತ್ತಿ ಹೇಳುತ್ತಿದ್ದಳು. ಕಚೇರಿಯವರು ಹೊಸ ಸಹಿಯನ್ನು ಒಪ್ಪಿದರು.

ಮೊದಮೊದಲು ಮಗಳು ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಪ್ರತಿ ಮನೆಗೂ ಕರೆದೊಯ್ಯುತ್ತಿದ್ದಳು. ಅವನು ಕುರ್ಚಿ ಹಾಕಿಸಿಕೊಂಡು ಕೂತು, ಆ ಪೈಪ್ ಸ್ವಲ್ಪ ಎಡಕ್ಕೆ, ಈ ಬಾಕ್ಸ್ ಒಂದಿಂಚು ಮೇಲೆ ಎನ್ನುತ್ತಿದ್ದ. ಆಮೇಲೆ ಒಂದು ದಿನ ಇನ್ನೂ ಹಿಡಿಕಂಬಿ ಹಾಕಿರದ ಮೆಟ್ಟಿಲಲ್ಲಿ ಕಾಲು ಜಾರಿತು. ಮಗಳು ಹಿಡಿದುಕೊಂಡದ್ದರಿಂದ ಉಳಿದ. ಅವತ್ತಿನಿಂದ, "ಬೇಡ ಅಪ್ಪ, ಫೋಟೋ ತೆಕ್ಕೊಂಡು ಬರ್ತೀನಿ, ಮನೇಲೇ ನೋಡು" ಎಂದಳು.

ಅವನು ಫೋಟೋ ನೋಡಿ ಸಹಿ ಹಾಕತೊಡಗಿದ. ಅವಳ ಕೈ ಅವನಿಗೆ ಗೊತ್ತಿತ್ತು. ಫೋಟೋ ಇಲ್ಲದಿದ್ದರೂ ನಡೆಯುತ್ತಿತ್ತು. ಆದರೆ ಸಂಜೆಯಾದರೆ ಸಾಕು, ಸ್ಕೂಟರ್ ಸದ್ದಿಗೆ ಕಿವಿ ಕೊಟ್ಟು ಕೂತಿರುತ್ತಿದ್ದ. ಅವಳು ಚಪ್ಪಲಿ ಕಳಚುವ ಮೊದಲೇ ಶುರು.

"ಎಷ್ಟು ಪಾಯಿಂಟ್ ಆಯ್ತು?"

"ಹದಿನೆಂಟು."

"ರೂಮಿನ ಮೂಲೇಲಿ ಪೈಪ್ ಬೆಂಡ್ ಹೇಗ್ ತಗೊಂಡೆ? ವೈರ್ ಸಲೀಸಾಗಿ ಬಂತಾ?"

"ಬಂತಪ್ಪ."

"ಗೋಡೆ ಹಸಿ ಇತ್ತಾ?"

"ಕೈಕಾಲು ತೊಳ್ಕೊಂಡು ಬರ್ಲಾ, ಇಲ್ಲ ಇಲ್ಲೇ ಹೇಳ್ಬಿಡ್ಲಾ?"

ಅವಳ ಬಟ್ಟೆಯಿಂದ ಹಸಿ ಸಿಮೆಂಟಿನ, ಕೊರೆದ ಇಟ್ಟಿಗೆಯ ವಾಸನೆ ಬರುತ್ತಿತ್ತು. ಅವಳು ಬಚ್ಚಲಿಗೆ ಹೋದಮೇಲೂ ಅದು ಸ್ವಲ್ಪ ಹೊತ್ತು ನಡುಮನೆಯಲ್ಲೇ ಉಳಿಯುತ್ತಿತ್ತು. ಅವನು ಅದು ಪೂರ್ತಿ ಹೋಗುವವರೆಗೂ ಕೂತಲ್ಲಿಂದ ಏಳುತ್ತಿರಲಿಲ್ಲ.

ಊರಾಚೆ ಅಗಲ ರಸ್ತೆ ಬಂದಮೇಲೆ ಊರು ಹಿಟ್ಟು ಉಬ್ಬಿದ ಹಾಗೆ ಉಬ್ಬುತ್ತಿತ್ತು. ಎಲ್ಲಿ ನೋಡಿದರೂ ಕಂಬಿ, ಮರಳು, ಹಸಿರು ಪರದೆ. ಇಡೀ ಊರಿಗೆ ಲೈಸೆನ್ಸ್ ಇದ್ದವರು ಏಳೇ ಜನ. ಹಾಗಾಗಿ ಒಂದು ಪಾಯಿಂಟಿನ ದರ ಐದು ವರ್ಷದಲ್ಲಿ ಮೂರು ಪಟ್ಟಾಗಿತ್ತು. ಯಾವ ವೈರ್ ಮುಟ್ಟಬಾರದು ಎಂದು ಗೊತ್ತಿಲ್ಲದವರೂ ಸೊಂಟಕ್ಕೆ ಟೆಸ್ಟರ್ ಸಿಕ್ಕಿಸಿಕೊಂಡು ಎಲೆಕ್ಟ್ರಿಷಿಯನ್ ಎಂದು ಹೇಳಿಕೊಳ್ಳುತ್ತಿದ್ದರು. ಆಗ ಮಗಳು ಮಾಡುತ್ತಿದ್ದುದು ಒಬ್ಬ ನರ್ಸಿನ ಮನೆ. ಎರಡು ಕೋಣೆಯ ಮನೆ, ಆ ಹೆಂಗಸು ಹದಿನೈದು ವರ್ಷ ಪಾಳಿ ದುಡಿದು ಕಟ್ಟಿಸುತ್ತಿದ್ದದ್ದು. ದರ ಕೇಳಿ ಆಕೆ ಬೆಚ್ಚಿಬಿದ್ದಿದ್ದಳು.

"ನಮ್ಮಕ್ಕನ ಮನೆಗೆ ಇದರಲ್ಲಿ ಅರ್ಧಾನೂ ಆಗಿರ್ಲಿಲ್ಲ!"

"ವೈರ್ ಏರಿದೆ, ಪೈಪ್ ಏರಿದೆ, ಅರ್ಜಿ ಫೀಸೂ ಏರಿದೆ ಸಿಸ್ಟರ್. ನಾನು ಮಾತ್ರ ಏಣಿ ಏರಿದ್ದೀನಿ ಅಷ್ಟೇ," ಎಂದಿದ್ದಳು ಮಗಳು. ನರ್ಸು ನಕ್ಕು ಒಪ್ಪಿದ್ದಳು.

ಇಂಥ ದಿನಗಳಲ್ಲೇ ಒಂದು ಮಧ್ಯಾಹ್ನ ಮ್ಯಾನೇಜರ್ ಬಂದ. ಅಗಲ ರಸ್ತೆಯ ಬದಿಗೆ ಗಾಜಿನ ಬಾಗಿಲ ಆಫೀಸು ತೆರೆದಿದ್ದ ಕಂಪನಿಯವನು. ಇಸ್ತ್ರಿ ಮುರಿಯದ ಶರ್ಟು, ಕಂಕುಳಲ್ಲಿ ದಪ್ಪನೆಯ ಫೈಲು. ಹೆಂಡತಿ ದಾರ ತರಲು ಹೊರಗೆ ಹೋಗಿದ್ದಳು, ಮಗಳು ಕೆಲಸದಲ್ಲಿದ್ದಳು.

"ಯಜಮಾನ್ರೇ, ನಾಲ್ಕು ಅಂತಸ್ತಿನ ಬಿಲ್ಡಿಂಗು, ಮೂವತ್ತೆರಡು ಮನೆ, ಲಿಫ್ಟು. ವೈರಿಂಗ್‌ಗೆ ನಮ್ಮದೇ ಜನ ಇದಾರೆ. ಲೈಸೆನ್ಸ್ ಇದ್ದೋರು ಒಬ್ರು ಬೇಕು. ಊರಲ್ಲಿ ವಿಚಾರಿಸ್ದೆ. ಎಲ್ರೂ ನಿಮ್ ಹೆಸರೇ ಹೇಳಿದ್ರು."

"ನಂದು ಕೈ ಹೀಗಾಗಿದೆಯಲ್ಲ."

"ನಮಗೆ ಕೈ ಯಾಕೆ ಸರ್? ನಿಮ್ ಅನುಭವ ಬೇಕು. ನೀವು ಬೇಕು."

ಆ ಒಂದು ಮಾತು ಸಾಕಾಯಿತು. ಎರಡು ವರ್ಷದಿಂದ ಆ ಮನೆಯಲ್ಲಿ ಎಲ್ಲರೂ ಅವನಿಗೆ ಹೇಳುತ್ತಿದ್ದುದು ಬೇಡ ಎಂದೇ. ಮೆಟ್ಟಿಲು ಬೇಡ, ಬಿಸಿಲಿಗೆ ಬೇಡ, ಆ ಡಬ್ಬ ಎತ್ತಬೇಡ, ನಾನು ಮಾಡ್ತೀನಿ ನೀನು ಕೂತ್ಕೋ. ಪ್ರೀತಿಯಿಂದಲೇ ಹೇಳುತ್ತಿದ್ದರು, ಅದಕ್ಕೇ ಜಗಳಕ್ಕೂ ಆಸ್ಪದವಿರಲಿಲ್ಲ. ಇನ್ನೂ ಒಂದು ವಿಷಯವಿತ್ತು. ಮೂವತ್ತೊಂದು ವರ್ಷದಲ್ಲಿ ಅವನು ಲಿಫ್ಟ್ ಇರುವ ಕಟ್ಟಡ ಮಾಡಿರಲಿಲ್ಲ.

"ಕಟ್ಟಡ ಒಂದ್ಸಲ ನೋಡ್ಬೇಕಲ್ಲ," ಎಂದ.

"ಖಂಡಿತ. ಗಾಡಿ ಕಳಿಸ್ತೀನಿ. ಈಗ ಇದೊಂದು ಹಾಳೆ ಇವತ್ತೇ ಹೋಗ್ಬೇಕಿತ್ತು, ಅದಕ್ಕೆ."

ಕರೆಂಟಣ್ಣ ಹಾಳೆಯನ್ನು ಓದಿದ. ಕೆಲಸ ನನ್ನ ಮೇಲ್ವಿಚಾರಣೆಯಲ್ಲಿ ಮುಗಿದಿದೆ, ಅರ್ಥಿಂಗ್ ಅಳೆದು ನೋಡಿದ್ದೇನೆ, ಸರಿಯಾಗಿದೆ ಎಂದು ಅದರಲ್ಲಿತ್ತು. ಓದಿಯೇ ಸಹಿ ಹಾಕಿದ. ಓದಲಿಲ್ಲ ಎಂದು ಆಮೇಲೆ ಹೇಳಬಹುದಿತ್ತು, ಅವನು ಹಾಗೆ ಹೇಳಲಿಲ್ಲ. ಮ್ಯಾನೇಜರ್ ಇಟ್ಟುಹೋದ ಲಕೋಟೆಯನ್ನು ಬಿಚ್ಚದೆ ಬೀರುವಿನ ಮೇಲಿಟ್ಟ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಒಂದು ವಾರ ಕಳೆದರೂ ಗಾಡಿ ಬರಲಿಲ್ಲ. ಆ ಒಂದು ವಾರ ಅವನು ಮಗಳನ್ನು ಹೆಚ್ಚು ಪ್ರಶ್ನೆ ಕೇಳಲಿಲ್ಲ. "ಅಪ್ಪಂಗೆ ಹುಷಾರಿಲ್ವಾ?" ಎಂದು ಮಗಳು ಅಮ್ಮನನ್ನು ವಿಚಾರಿಸಿದಳು. ಅವನ ತಲೆಯಲ್ಲಿ ಮೂವತ್ತೆರಡು ಮನೆ ಓಡುತ್ತಿದ್ದವು. ಮೀಟರುಗಳನ್ನು ಎಷ್ಟು ಸಾಲಿನಲ್ಲಿ ಇಟ್ಟಿರಬಹುದು, ಲಿಫ್ಟಿಗೆ ಬೇರೆ ಲೈನ್ ಎಲ್ಲಿಂದ ಎಳೆದಿರಬಹುದು ಎಂದು ಲೆಕ್ಕ ಹಾಕುತ್ತಿದ್ದ. ಒಂದು ಗುರುವಾರ ಬೆಳಿಗ್ಗೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು, ಆಟೋ ಹಿಡಿದು ತಾನೇ ಹೊರಟ. ಎಡಗೈಯಲ್ಲಿ ಶರ್ಟಿನ ಗುಂಡಿ ಹಾಕಿಕೊಳ್ಳುವುದಕ್ಕೇ ಇಪ್ಪತ್ತು ನಿಮಿಷ ಹಿಡಿದಿತ್ತು.

ಕಟ್ಟಡದ ಗೇಟಿನಲ್ಲಿ ಕಾವಲುಗಾರ ಕೇಳಿದ: "ಮಗ ಮನೆ ತಗೊಂಡಿದಾನಾ ಯಜಮಾನ್ರೇ?"

"ಹೂಂ" ಎಂದುಬಿಟ್ಟ ಕರೆಂಟಣ್ಣ. ಇದಕ್ಕೆ ಸಹಿ ಹಾಕಿದವನು ನಾನು ಎನ್ನಲು ಬಾಯಿ ಬರಲಿಲ್ಲ.

ಒಳಗೆ ಕಾಲಿಟ್ಟದ್ದೇ ತಡ, ಆ ವಾಸನೆ ಅವನನ್ನು ಮುತ್ತಿಕೊಂಡಿತು. ಹಸಿ ಗಾರೆ, ಕೊರೆದ ಗೋಡೆಯ ಪುಡಿ, ಹೊಸ ವೈರಿನ ಪ್ಲಾಸ್ಟಿಕ್. ಗೋಡೆಗೆ ಎಡಗೈ ಊರಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದ. ಮೊದಲ ಅಂತಸ್ತಿನಲ್ಲಿ ಇಬ್ಬರು ವೈರ್ ಎಳೆಯುತ್ತಿದ್ದರು. ಒಬ್ಬ ಆ ಕೋಣೆಯಿಂದ ಪೈಪಿನೊಳಗೆ ದೂಡುತ್ತಿದ್ದ, ಇನ್ನೊಬ್ಬ ಈಚೆ ನಿಂತು ಕೂಗುತ್ತಿದ್ದ. "ಬಿಡೂ… ಬಿಡೂ… ನಿಲ್ಸು! ಸ್ವಲ್ಪ ಹಿಂದಕ್ಕೆ… ಈಗ ಬಿಡೂ." ಕರೆಂಟಣ್ಣ ನಿಂತೇಬಿಟ್ಟ. ಎಷ್ಟು ಸಾವಿರ ಸಲ ಕೂಗಿದ ಮಾತು ಅದು. ಗೋಡೆಯಾಚೆಯವನ ಮುಖ ಕಾಣದೆ, ಬೆರಳಿಗೆ ಸಿಗುವ ಎಳೆತದಲ್ಲೇ ಅವನೇನು ಮಾಡುತ್ತಿದ್ದಾನೆಂದು ತಿಳಿಯುವ ಆ ಹೊತ್ತು. ತನ್ನ ಬಲಗೈಯ ಹೆಬ್ಬೆರಳು ಅಲುಗಿದ ಹಾಗಾಗಿ ಕೆಳಗೆ ನೋಡಿದ. ಅದು ಅಲುಗಿರಲಿಲ್ಲ.

"ಅಜ್ಜಾ, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ಪೈಪ್ ತಾಗೀತು," ಎಂದ ಕೂಗುತ್ತಿದ್ದವನು. ಒರಟಾಗಿಯೇನೂ ಹೇಳಲಿಲ್ಲ. ಅಡ್ಡ ಬಂದ ಯಾರಿಗಾದರೂ ಹೇಳುವ ಹಾಗೆ ಹೇಳಿದ.

ಕರೆಂಟಣ್ಣ ಪಕ್ಕಕ್ಕೆ ಸರಿದ. ಆಗಲೇ ಅವನಿಗೆ ಹೊಳೆದದ್ದು: ಕೆಲಸ ಮುಗಿದಿದೆ ಎಂದು ತಾನು ಸಹಿ ಹಾಕಿ ವಾರವಾಗಿದೆ, ಇಲ್ಲಿ ಇನ್ನೂ ವೈರ್ ಎಳೆಯುತ್ತಿದ್ದಾರೆ.

ಕೆಳಗಿಳಿದು ಮೀಟರ್ ಕೋಣೆಗೆ ಹೋದ. ಹಸಿರು ಅರ್ಥ್ ವೈರ್ ಎಲ್ಲಿಗೆ ಹೋಗಿದೆ ಎಂದು ಗೋಡೆಗುಂಟ ನೋಡುತ್ತಾ ಹೊರಗೆ ಬಂದ. ಕಾಂಪೌಂಡಿನ ಮೂಲೆಯಲ್ಲಿ ಪೈಪೊಂದು ಗೇಣುದ್ದ ನೆಲದಿಂದ ಎದ್ದು ನಿಂತಿತ್ತು. ಸುತ್ತ ಇಟ್ಟಿಗೆ ಕಟ್ಟಿ, ಮೇಲೆ ಹೊಸ ಮುಚ್ಚಳವನ್ನೂ ಇಟ್ಟಿದ್ದರು. ನೋಡಲು ಎಲ್ಲ ಸರಿಯಾಗಿತ್ತು. ಅವನ ಕಾಲದ ರೂಢಿಯಲ್ಲಿ ಅಲ್ಲಿ ಎಂಟಡಿ ಗುಂಡಿ ತೋಡಿ, ಇದ್ದಿಲು, ಉಪ್ಪು ಪದರಪದರವಾಗಿ ತುಂಬಿ, ನಡುವೆ ಪೈಪ್ ಇಳಿಸಿರಬೇಕು. ಮನೆಯಲ್ಲಿ ಎಲ್ಲೇ ಕರೆಂಟ್ ಸೋರಿದರೂ ಅದು ಮನುಷ್ಯರ ಮೈಗೆ ಹೋಗದೆ ಮಣ್ಣಿಗೆ ಇಳಿಯಲು ಇರುವ ದಾರಿ ಅದೊಂದೇ.

ಮಂಡಿಯೂರಿ ಕೂತು, ಮುಚ್ಚಳ ಸರಿಸಿ, ಎಡಗೈಯಲ್ಲಿ ಪೈಪನ್ನು ಹಿಡಿದು ಅಲ್ಲಾಡಿಸಿದ. ಅಲ್ಲಾಡಿತು. ಎಳೆದ. ಮೂಲಂಗಿ ಕಿತ್ತ ಹಾಗೆ ಮೇಲಕ್ಕೆ ಬಂತು. ಎರಡಡಿ ತುಂಡು ಅದು. ತುದಿಯಲ್ಲಿ ಒಣ ಮಣ್ಣು.

ಎಷ್ಟು ಹೊತ್ತು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದನೋ ಅವನಿಗೇ ಗೊತ್ತಿಲ್ಲ. ಕೊನೆಗೆ ಮ್ಯಾನೇಜರಿಗೆ ಫೋನ್ ಮಾಡಿದ.

"ಅಲ್ಲಿ ಲಾರಿ ತಿರುಗ್ಬೇಕು ಯಜಮಾನ್ರೇ, ಅದಕ್ಕೆ ಈಗ ತೋಡಿಲ್ಲ. ಮೀಟರ್ ಬಂದ್ಮೇಲೆ ಹಾಕಿಸ್ತೀವಿ."

"ಅಳೆದಿದ್ದೀನಿ ಅಂತ ನಾನು ಬರ್ಕೊಟ್ಟಿದ್ದೀನಿ."

"ಎಲ್ರೂ ಹಾಗೇ ಬರ್ಕೊಡ್ತಾರೆ. ನೀವ್ಯಾಕೆ ತಲೆ ಕೆಡಿಸ್ಕೋತೀರಿ? ಬಿಸ್ಲಲ್ಲಿ ಅಲ್ಲೀವರೆಗೂ ಯಾಕ್ ಹೋದ್ರಿ?"

ಆಮೇಲೆ ಮಗಳಿಗೆ ಫೋನ್ ಮಾಡಿದ. ತಲೆಗೂದಲಿಗೆಲ್ಲ ಗೋಡೆಯ ಪುಡಿ ಮೆತ್ತಿಕೊಂಡೇ ಅವಳು ಓಡಿಬಂದಳು. ಅಪ್ಪ ಬಿದ್ದಿದ್ದಾನೆ ಎಂದುಕೊಂಡಿದ್ದಳು. ನೆಲದ ಮೇಲೆ ಕೂತಿದ್ದ ಅವನನ್ನೂ ಪೈಪನ್ನೂ ನೋಡಿದಳು.

"ಇಲ್ಲೇನ್ ಮಾಡ್ತಾ ಇದ್ದೀಯಪ್ಪಾ?"

ಅವನು ಎಲ್ಲವನ್ನೂ ಹೇಳಿದ. ಲಕೋಟೆಯ ವಿಷಯವನ್ನೂ ಹೇಳಿದ. ಅವಳು ಪೈಪನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು.

"ದುಡ್ಡು ಬೇಕಾಗಿತ್ತಾ? ನನ್ನ ಕೇಳ್ಬಾರ್ದಿತ್ತಾ?"

"ದುಡ್ಡಿಗಲ್ಲ."

"ಮತ್ತೆ? ಸೈಟ್ ನೋಡ್ಬೇಕು ಅಂದಿದ್ರೆ ನಾನೇ ಕರ್ಕೊಂಡ್ ಬರ್ತಿದ್ನಲ್ಲ."

"ನೋಡೋಕೂ ಅಲ್ಲ ಕಣೇ," ಎಂದ. "ಅವನು ಬಂದು ನೀವು ಬೇಕು ಅಂದ. ಅಷ್ಟೇ."

ಅವಳು ಕಂಕುಳಿಗೆ ಕೈಕೊಟ್ಟು ಅವನನ್ನು ಎಬ್ಬಿಸಿದಳು. ಸ್ಕೂಟರಿನ ಹತ್ತಿರ ಬಂದಾಗ ಅವನು, "ಮನೆಗಲ್ಲ. ಕಚೇರಿಗೆ" ಎಂದ.

"ಯೋಚ್ನೆ ಮಾಡಿ ಹೇಳು. ಲೈಸೆನ್ಸ್ ಹೋದ್ರೆ ನನ್ ಕೆಲ್ಸನೂ ನಿಲ್ಲತ್ತೆ."

"ಗೊತ್ತು."

"ಸಿಸ್ಟರ್ ಮನೆ ಮೀಟರ್‌ಗೆ ಬರೋ ವಾರ ಅರ್ಜಿ ಹಾಕ್ಬೇಕಿತ್ತು."

"ಅದೂ ಗೊತ್ತು. ಮೂವತ್ತೆರಡು ಮನೇಲಿ ಮಕ್ಕಳು ಒದ್ದೆ ಕೈಲಿ ಸ್ವಿಚ್ ಮುಟ್ತಾರೆ."

ಅವಳು ಸ್ಕೂಟರ್ ಚಾಲೂ ಮಾಡಿದಳು.

ಕಚೇರಿಯಲ್ಲಿ ಕೂತಿದ್ದ ಇನ್ಸ್‌ಪೆಕ್ಟರ್ ಮೇಡಂ ಅವನಿಗೆ ಹದಿನೈದು ವರ್ಷದ ಪರಿಚಯ. ಕುರ್ಚಿ ಕೊಟ್ಟು, ನೀರು ತರಿಸಿ, ಅವನು ಹೇಳಿದ್ದನ್ನೆಲ್ಲ ಕೇಳಿದರು. ಎರಡಡಿ ಪೈಪು ಅವರ ಮೇಜಿನ ಮೇಲಿತ್ತು.

"ಸಹಿ ವಾಪಸ್ ತಗೊಂಡ್ರೆ ಬಿಲ್ಡಿಂಗ್ ನಿಲ್ಲತ್ತೆ. ಅದು ಸರಿ. ಆದ್ರೆ ನಿಮ್ ಮೇಲೂ ನಾನು ಬರೀಲೇಬೇಕಾಗತ್ತೆ."

"ಬರೀರಿ ಮೇಡಂ."

"ಇನ್ನೊಂದು ಕೇಳ್ತೀನಿ. ನಿಮ್ ಮಗಳು ಮಾಡೋ ಮನೆಗಳಿಗೆ ಹೋಗಿ ನೋಡ್ತಿದ್ರಾ?"

ಹೂಂ ಎಂದರೆ ಮುಗಿಯುತ್ತಿತ್ತು. ಬಾಗಿಲ ಹತ್ತಿರ ನಿಂತಿದ್ದ ಮಗಳು ಅವನ ಬೆನ್ನನ್ನೇ ನೋಡುತ್ತಿದ್ದಳು.

"ಎಂಟು ತಿಂಗಳಿಂದ ಹೋಗಿಲ್ಲ. ಫೋಟೋ ನೋಡಿ ಸಹಿ ಹಾಕಿದ್ದೀನಿ. ಹನ್ನೊಂದು ಮನೆ."

ಮಗಳು ಕಣ್ಣು ಮುಚ್ಚಿಕೊಂಡಳು.

ಹದಿನೈದು ದಿನದೊಳಗೆ ಕಚೇರಿಯವರು ಅಳೆಯುವ ಯಂತ್ರ ಹಿಡಿದು ಹನ್ನೊಂದು ಮನೆಗೂ ಹೋದರು. ಒಂದೊಂದು ಅರ್ಥಿಂಗ್ ಗುಂಡಿಯನ್ನೂ ಅಳೆದರು, ಬೋರ್ಡುಗಳನ್ನು ಬಿಚ್ಚಿದರು. ಒಂದೇ ಒಂದು ತಪ್ಪು ಸಿಗಲಿಲ್ಲ. ವರದಿಯಲ್ಲಿ ಮೇಡಂ ಅದನ್ನೂ ಬರೆದರು. ಆದರೂ ಲೈಸೆನ್ಸ್ ರದ್ದಾಯಿತು. ಪತ್ರ ಬಂದಾಗ ಹೆಂಡತಿ ಓದಿ ಹೇಳಿದಳು, ಮಡಿಸಿ ಬೀರುವಿನೊಳಗಿಟ್ಟಳು. "ಸಹಿ ಅಭ್ಯಾಸ ಮಾಡೋದು ತಪ್ತು ಬಿಡಿ" ಎಂದು ನಗಿಸಲು ನೋಡಿದಳು. ಆಮೇಲೆ ಅವಳೇ ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಲಕೋಟೆಯನ್ನು ಮಗಳು ಗಾಜಿನ ಬಾಗಿಲ ಆಫೀಸಿಗೆ ಹೋಗಿ ಮೇಜಿನ ಮೇಲಿಟ್ಟು ಬಂದಿದ್ದಳು.

ನರ್ಸು ಸಿಟ್ಟಾದಳು. ಅವಳು ಬಾಡಿಗೆ ಮನೆ ಬಿಡುವ ದಿನ ಆಗಲೇ ನಿಗದಿಯಾಗಿತ್ತು. "ನಂಬಿ ಕೆಟ್ಟೆ ನಿಮ್ಮನ್ನ" ಎಂದು ಹೇಳಿ, ಬೇರೆ ಲೈಸೆನ್ಸಿನವನನ್ನು ಹಿಡಿದಳು. ಅವನು ಹೊಸದಾಗಿ ಒಂದು ವೈರನ್ನೂ ಎಳೆಯದೆ, ನೋಡಿ ಸಹಿ ಹಾಕುವುದಕ್ಕೇ ಒಂದು ಕೋಣೆಯ ವೈರಿಂಗಿನಷ್ಟು ದುಡ್ಡು ತೆಗೆದುಕೊಂಡ. ಮಗಳು ಆತನ ಕೈಕೆಳಗೇ ದಿನಗೂಲಿಗೆ ಸೇರಿದಳು. ಅಪ್ಪನ ಜೊತೆ ಒಂಬತ್ತು ದಿನ ಮಾತಾಡಲಿಲ್ಲ. ಸಂಜೆ ಬಂದು, ಕೈಕಾಲು ತೊಳೆದು, ಉಂಡು ಮಲಗುತ್ತಿದ್ದಳು. ಅವನೂ ಕೇಳಲು ಹೋಗಲಿಲ್ಲ.

ಹತ್ತನೇ ದಿನ ಸಂಜೆ ಅವಳು ದಪ್ಪ ಪುಸ್ತಕವೊಂದನ್ನು ತಂದು ಅವನ ಮುಂದೆ ಧೊಪ್ಪನೆ ಹಾಕಿದಳು.

"ಲೈಸೆನ್ಸ್ ಪರೀಕ್ಷೆ ಕಟ್ತಾ ಇದ್ದೀನಿ. ಇದ್ರಲ್ಲಿ ಅರ್ಧ ತಲೆಗೆ ಹೋಗಲ್ಲ. ಹೇಳ್ಕೊಡ್ತೀಯೋ ಇಲ್ವೋ?"

"ನಾನು ಇದನ್ನ ಓದಿ ಪಾಸಾದೋನಲ್ಲ ಕಣೇ. ನಮ್ ಕಾಲ್ದಲ್ಲಿ ಎರಡು ಬೋರ್ಡ್ ಕಟ್ಸಿ ನೋಡಿ ಲೈಸೆನ್ಸ್ ಕೊಡ್ತಿದ್ರು."

"ಹಾಗಾದ್ರೆ ಇಬ್ರೂ ಓದೋಣ."

ಅವಳು ಓದುತ್ತಿದ್ದಳು, ಅವನು ತಡೆದು, "ಅಂದ್ರೆ ಬಚ್ಚಲಿನ ಗೀಸರ್ ಹತ್ರ ಆಗತ್ತಲ್ಲ, ಅದೇ" ಎನ್ನುತ್ತಿದ್ದ. ಪುಸ್ತಕದ ನಿಯಮಕ್ಕೆಲ್ಲ ಅವನ ಬಳಿ ಒಂದೊಂದು ಮನೆಯ ಕತೆಯಿತ್ತು. ಮೊದಲ ಸಲ ಬಾಯಿಪರೀಕ್ಷೆಯಲ್ಲಿ ಅವಳು ನಪಾಸಾದಳು. ಮೂವರು ಗಂಡಸರು ಒಟ್ಟಿಗೆ ಪ್ರಶ್ನೆ ಕೇಳಿದರೆ ಗೊತ್ತಿದ್ದದ್ದೂ ಮರೆತುಹೋಯಿತು ಎಂದಳು. ಮುಂದಿನ ಆರು ತಿಂಗಳು ಅಪ್ಪ, ಅಮ್ಮ, ಪಕ್ಕದ ಮನೆಯ ದರ್ಜಿ ಮೂವರೂ ಸಾಲಾಗಿ ಕೂತು ಅವಳನ್ನು ಪ್ರಶ್ನೆ ಕೇಳಿದರು. ದರ್ಜಿಗೆ ಪ್ರಶ್ನೆಯೂ ಅರ್ಥವಾಗುತ್ತಿರಲಿಲ್ಲ, ಉತ್ತರವೂ ಅರ್ಥವಾಗುತ್ತಿರಲಿಲ್ಲ. "ತಪ್ಪು!" ಎಂದು ಗದರುವುದಷ್ಟೇ ಅವನ ಕೆಲಸ. ಎರಡನೇ ಸಲ ಪಾಸಾದಳು.

ಅಷ್ಟರಲ್ಲಿ ನಾಲ್ಕು ಅಂತಸ್ತಿನ ಕಟ್ಟಡಕ್ಕೆ ಬೇರೆಯವರು ನಾಲ್ಕು ಗುಂಡಿ ತೋಡಿ, ಅಳೆದು, ಮೀಟರ್ ಹಾಕಿಸಿದ್ದರು. ಅದರಲ್ಲಿ ವಾಸಕ್ಕೆ ಬಂದವರಿಗೆ ಇದೊಂದೂ ಗೊತ್ತಿರಲಿಲ್ಲ. ಮನೆ ಕೈಗೆ ಸಿಗುವುದು ಮೂರು ತಿಂಗಳು ತಡವಾಯಿತು ಎಂದು ಗೊಣಗಿದರು.

ಮಗಳ ಹೆಸರಿನ ಲೈಸೆನ್ಸ್ ಬಂದ ದಿನ ಕರೆಂಟಣ್ಣ ಅದನ್ನು ಎಡಗೈಯಲ್ಲಿ ಹಿಡಿದು ಎರಡೆರಡು ಸಲ ಓದಿದ. ಸಂತೋಷವಾಯಿತು, ಸುಳ್ಳಲ್ಲ. ಆದರೆ ಕಾಗದ ವಾಪಸ್ ಕೊಟ್ಟಮೇಲೆ ಅವನ ಕೈ ಅಲ್ಲೇ ಗಾಳಿಯಲ್ಲಿ ಒಂದು ಗಳಿಗೆ ಚಾಚಿಕೊಂಡೇ ಇತ್ತು. ಇನ್ನು ಅವಳಿಗೆ ಅವನ ಸಹಿಯೂ ಬೇಕಿರಲಿಲ್ಲ. ಫೋಟೋ ತೋರಿಸುವ ಅಗತ್ಯವೂ ಇರಲಿಲ್ಲ.

ಮೊದಲ ಕೆಲಸವಾಗಿ ಅವಳು ಒಪ್ಪಿಕೊಂಡದ್ದು ಒಬ್ಬ ಬಸ್ ಕಂಡಕ್ಟರನ ಮನೆ. ಭಾನುವಾರ ಊಟಕ್ಕೆ ಕೂತಾಗ ಅನ್ನ ಕಲಸುತ್ತಾ, ಅವನ ಮುಖ ನೋಡದೆ ಹೇಳಿದಳು.

"ನಾಳೆ ಹತ್ತು ಗಂಟೆಗೆ ಗೋಡೆ ಮೇಲೆ ಗುರುತು ಹಾಕ್ತಾ ಇದ್ದೀನಿ. ನೆಲಮಹಡಿ, ಮೆಟ್ಟಿಲಿಲ್ಲ. ಬರ್ತೀಯಾ?"

"ನಾನ್ಯಾಕೆ? ನೀನೇ ಇದ್ದೀಯಲ್ಲ."

"ಕೆಲ್ಸಕ್ಕಲ್ಲ. ಸುಮ್ನೆ. ಕುರ್ಚಿ ಹಾಕ್ಸಿರ್ತೀನಿ."

"ನೋಡೋಣ," ಎಂದ.

ಸೋಮವಾರ ಬೆಳಿಗ್ಗೆ ಹೆಂಡತಿ ಎದ್ದು ನಡುಮನೆಗೆ ಬಂದಾಗ ಅವನು ಇಸ್ತ್ರಿ ಶರ್ಟು ತೊಟ್ಟು, ಚಪ್ಪಲಿ ಮೆಟ್ಟಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಕುತ್ತಿಗೆಯ ಹತ್ತಿರದ ಗುಂಡಿ ಒಂದು ಕಾಜಾ ತಪ್ಪಿ ಕೂತಿತ್ತು. ಗೋಡೆ ಗಡಿಯಾರದಲ್ಲಿ ಆರೂವರೆ.

"ಹತ್ತು ಗಂಟೆಗೆ ಅಂತಲ್ವಾ ಅವಳು ಹೇಳಿದ್ದು?"

"ಹೌದು," ಎಂದ ಕರೆಂಟಣ್ಣ. "ಬೇಗ ಎಚ್ಚರ ಆಯ್ತು."

ಹೆಂಡತಿ ಹತ್ತಿರ ಬಂದು, ಗುಂಡಿ ಬಿಚ್ಚಿ ಸರಿಯಾಗಿ ಹಾಕಿದಳು. ಒಳಗಿನ ಕೋಣೆಯಲ್ಲಿ ಮಗಳು ಇನ್ನೂ ಮಲಗಿದ್ದಳು. ಇಬ್ಬರೂ ಅವಳನ್ನು ಎಬ್ಬಿಸಲಿಲ್ಲ.